ರಸ್ಟ್ ಎಡಿಟರ್ ತೀರ್ಪುಗಾರರ ಸನ್ನಿಧಿಗೆ

ಮಾನ್ಯ ತೀರ್ಪುಗಾರರೇ,

ರಸ್ಟ್ ಭಾಷೆಗೆ ಯಾವ ಎಡಿಟರ್ ಸರಿ ಎಂದು ವರ್ಷಕ್ಕೆ ಎರಡು ಸಲವಾದರೂ ತೀರ್ಪು ಕೊಡುವ ನಿಮ್ಮ ಶ್ರಮಕ್ಕೆ ಸಾಷ್ಟಾಂಗ. ನೀವಿಲ್ಲದಿದ್ದರೆ ನಮ್ಮಂಥವರು ಹೋಲಿಕೆ ಓದುವುದು ಬಿಟ್ಟು ಪ್ರೋಗ್ರಾಂ ಬರೆಯಲು ಕೂತುಬಿಡುವ ಅಪಾಯವಿತ್ತು.

ನಿಮ್ಮ ಕಷ್ಟವೂ ಗೊತ್ತು. 2015ರ ಮೇ 15ರಂದು 1.0 ಆದಾಗಿನಿಂದ ಈ ಭಾಷೆ ಆರು ವಾರಕ್ಕೊಂದು ಆವೃತ್ತಿ ತರುತ್ತಲೇ ಇದೆ. ನಡುನಡುವೆ ಎಡಿಷನ್ ಎಂಬ ದೊಡ್ಡ ಹಬ್ಬ ಬೇರೆ. 2024ರ ಎಡಿಷನ್ ಕೈಗೆ ಸಿಕ್ಕಿದ್ದು 2025ರ ಫೆಬ್ರವರಿಯಲ್ಲಿ, ಇರಲಿ. ನೀವು ಕೋಷ್ಟಕ ಎಳೆದು, ಸ್ಕ್ರೀನ್‌ಶಾಟ್ ಅಂಟಿಸಿ, ನಕ್ಷತ್ರ ಹಂಚಿ ಮುಗಿಸುವಷ್ಟರಲ್ಲಿ ನೀವು ಅಳೆದದ್ದು ಹಳತಾಗಿರುತ್ತದೆ. ಆಟಮ್ ಎಡಿಟರ್‌ಗೆ ಸಂದ ನಕ್ಷತ್ರಗಳಂತೂ 2022ರ ಡಿಸೆಂಬರ್ 15ರಂದು ಅದರ ಜೊತೆಗೇ ತೀರಿಕೊಂಡವು. ಅದನ್ನು ಕಟ್ಟಿದವರಲ್ಲೇ ಕೆಲವರು ಆಮೇಲೆ ಝೆಡ್ ಕಟ್ಟಿದರು, ಅದೂ ರಸ್ಟ್‌ನಲ್ಲೇ.

ನಿಮ್ಮ ಈಚಿನ ತೀರ್ಪನ್ನು ಭಯಭಕ್ತಿಯಿಂದ ಓದಿದೆ. ಕೋಡ್ ಕಂಪ್ಲೀಷನ್ ಝೆಡ್‌ನಲ್ಲಿ ಚುರುಕಂತೆ, ನಿಯೋವಿಮ್‌ನಲ್ಲಿ ನಿಖರವಂತೆ, ವಿಎಸ್ ಕೋಡ್‌ನಲ್ಲಿ ಹೊಸಬರಿಗೆ ಹಿತವಂತೆ. ಈ ಮೂರಕ್ಕೂ, ಜೊತೆಗೆ ಹೀಲಿಕ್ಸ್‌ಗೂ ಈಮ್ಯಾಕ್ಸ್‌ಗೂ, ರಸ್ಟ್ ಬಿಡಿಸಿ ಹೇಳುವುದು ಸಾಮಾನ್ಯವಾಗಿ ರಸ್ಟ್-ಅನಲೈಜರ್ ಎಂಬ ಒಂದೇ ಪ್ರೋಗ್ರಾಂ. ವೇರಿಯಬಲ್‌ನ ಟೈಪ್ ಯಾವುದು, ಚುಕ್ಕಿ ಒತ್ತಿದೊಡನೆ ಯಾವ ಮೆಥಡ್‌ಗಳು ಇಳಿಯಬೇಕು, ಒಂದು ಹೆಸರು ಬದಲಿಸಿದರೆ ಎಲ್ಲೆಲ್ಲಿ ಬದಲಾಗಬೇಕು, ಎಲ್ಲವನ್ನೂ ಲೆಕ್ಕ ಹಾಕುವುದು ಅದೇ. ಎಡಿಟರ್ ಬರೀ ಬಡಿಸುತ್ತದೆ. ಮೈಕ್ರೋಸಾಫ್ಟ್ 2016ರಲ್ಲಿ ಹೊರತಂದ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಇರುವುದೇ ಈ ಬಡಿಸಾಟಕ್ಕೆ. ಒಂದೇ ಒಲೆಯ ಸಾಂಬಾರನ್ನು ಐದು ಎಲೆಯಲ್ಲಿ ಉಂಡು ಐದು ರುಚಿ ಹೇಳಬಲ್ಲ ನಾಲಗೆ ಎಲ್ಲರಿಗೂ ಸಿಗುವುದಿಲ್ಲ.

ಹಿಂದೆ ಈ ಒಲೆಯ ಜಾಗದಲ್ಲಿ ಆರ್‌ಎಲ್‌ಎಸ್ ಎಂಬುದಿತ್ತು. ಬಹುಪಾಲು ಉತ್ತರಕ್ಕೆ ಕಂಪೈಲರನ್ನೇ ನೆಚ್ಚಿಕೊಂಡಿದ್ದುದರಿಂದ ಅದು ನಿಧಾನ. 2022ರ ಫೆಬ್ರವರಿಯಲ್ಲಿ ರಸ್ಟ್-ಅನಲೈಜರ್ ಅಧಿಕೃತವಾಗಿ ರಸ್ಟ್ ಬಳಗ ಸೇರಿತು, ಜುಲೈನಲ್ಲಿ ಆರ್‌ಎಲ್‌ಎಸ್‌ಗೆ ಬೀಳ್ಕೊಡುಗೆ ಆಯಿತು.

ನಿಜಕ್ಕೂ ಬೇರೆ ಒಲೆ ಹೂಡಿರುವುದು ಜೆಟ್‌ಬ್ರೇನ್ಸ್‌ನ ರಸ್ಟ್‌ರೋವರ್. 2024ರ ಮೇನಲ್ಲಿ ಬಂತು. ದುಡಿಮೆಗಲ್ಲದೆ ಬಳಸುವವರಿಗೆ ಪುಕ್ಕಟೆ. ಹೋಲಿಸುವಂಥದ್ದು ಏನಾದರೂ ಇದ್ದರೆ ಇಲ್ಲಿದೆ. ಆದರೆ ಅದರ ಹಿಂದಿನ ಅವತಾರವಾದ ಇಂಟೆಲಿಜೆ ರಸ್ಟ್ ಪ್ಲಗಿನ್ ಶುರುಮಾಡಿದವರಲ್ಲೊಬ್ಬರು ಅಲೆಕ್ಸಿ ಕ್ಲಾಡೋವ್, ರಸ್ಟ್-ಅನಲೈಜರ್ ಶುರುಮಾಡಿದವರೂ ಅವರೇ! ಎರಡು ಪಕ್ಷ ಕಟ್ಟಿ ಕುಸ್ತಿ ಏರ್ಪಡಿಸಿದ ನಿಮಗೆ ಇದು ತುಸು ಮುಜುಗರದ ಸಂಗತಿ. ಕೋಷ್ಟಕದಲ್ಲಿ ಜಾಗ ಸಾಲದೆ ಬಿಟ್ಟಿರಬೇಕು ಎಂದು ಭಾವಿಸಿದ್ದೇನೆ.

ಥೀಮ್‌ಗಳ ಬಣ್ಣಕ್ಕೆ ಮೀಸಲಿಟ್ಟ ಪುಟದಲ್ಲಿ ಎರಡು ಸಾಲನ್ನು ನಮ್ಮ ದಿನನಿತ್ಯದ ಪಾಡಿಗೂ ಕೊಡಬಹುದಿತ್ತು. ಫೈಲ್ ಸೇವ್ ಮಾಡಿದಾಗ ರಸ್ಟ್-ಅನಲೈಜರ್ ಹಿನ್ನೆಲೆಯಲ್ಲಿ ಕಾರ್ಗೋ ಚೆಕ್ ಓಡಿಸುತ್ತದೆ. ಬಾರೋ ಚೆಕರ್‌ನ ಕೆಂಪು ಗೆರೆ ಬರುವುದು ಅಲ್ಲಿಂದ. ಅದೇ ಹೊತ್ತಿಗೆ ಟರ್ಮಿನಲ್‌ನಲ್ಲಿ ಕಾರ್ಗೋ ಬಿಲ್ಡ್ ಕೊಟ್ಟಿರೋ, ‘ಬ್ಲಾಕಿಂಗ್ ವೇಟಿಂಗ್ ಫಾರ್ ಫೈಲ್ ಲಾಕ್ ಆನ್ ಬಿಲ್ಡ್ ಡೈರೆಕ್ಟರಿ’ ಎಂದು ಒಂದು ಸಾಲು ಬಂದು ನಿಲ್ಲುತ್ತದೆ. ಬಿಲ್ಡ್ ಆದದ್ದು ಬಂದು ಬೀಳುವ ಟಾರ್ಗೆಟ್ ಫೋಲ್ಡರಿನ ಬೀಗ ಆ ಕಾರ್ಗೋ ಚೆಕ್‌ನ ಕೈಯಲ್ಲಿ. ರಸ್ಟ್-ಅನಲೈಜರ್‌ಗೆ ಬೇರೆ ಟಾರ್ಗೆಟ್ ಫೋಲ್ಡರ್ ಕೊಡುವ ಸೆಟ್ಟಿಂಗ್ ಇದೆ. ಕೊಟ್ಟರೆ ಕಾಯುವುದು ತಪ್ಪುತ್ತದೆ, ಡಿಸ್ಕ್ ತುಂಬುತ್ತದೆ. ನೀವು ಐದು ನಕ್ಷತ್ರ ಕೊಟ್ಟ ಎಡಿಟರ್‌ನಲ್ಲೂ ಹೀಗೇ, ಎರಡು ಕೊಟ್ಟದ್ದರಲ್ಲೂ ಹೀಗೇ.

ಎಡಿಟರ್‌ಗಳ ಯೋಗ್ಯತೆ ಬೇರೆ ಬೇರೆ ಎಂದು ಕಣ್ಣಿಗೆ ಹೊಡೆಯುವ ಪರೀಕ್ಷೆಯೊಂದನ್ನು ನೀವು ಮುಟ್ಟಿಯೇ ಇಲ್ಲ. 2021ರ ಜೂನ್‌ನಲ್ಲಿ ಬಂದ 1.53ರಿಂದ ರಸ್ಟ್‌ನಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರಿಡಬಹುದು. ‘ಮೊತ್ತ’ ಎಂದು ಬರೆಯಿರಿ, ಕಂಪೈಲರ್ ಚಕಾರ ಎತ್ತುವುದಿಲ್ಲ. ಬ್ರೌಸರ್ ಎಂಜಿನ್ ಮೇಲೆ ನಿಂತಿರುವ ವಿಎಸ್ ಕೋಡ್‌ನಲ್ಲಿ ಆ ತಕಾರದ ಒತ್ತು ಒಪ್ಪವಾಗಿ ಕೂರುತ್ತದೆ. ಅದೇ ಫೈಲನ್ನು ಟರ್ಮಿನಲ್‌ನೊಳಗಿನ ನಿಯೋವಿಮ್‌ನಲ್ಲೋ ಹೀಲಿಕ್ಸ್‌ನಲ್ಲೋ ತೆರೆಯಿರಿ. ಟರ್ಮಿನಲ್ ಎಂದರೆ ಒಂದೇ ಅಳತೆಯ ಮನೆಗಳ ಸಾಲು; ನಮ್ಮ ಅಕ್ಷರ ಆ ಅಳತೆಗೆ ಹುಟ್ಟಿದ್ದಲ್ಲ. ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತು ಪಕ್ಕಕ್ಕೆ ಸರಿಯುತ್ತದೆ, ಕರ್ಸರ್ ಒಂದು ಕಡೆ ಮಿನುಗಿದರೆ ಅಳಿಸಿಹೋಗುವುದು ಇನ್ನೊಂದು ಕಡೆಯದು.

ಆದ್ದರಿಂದ ಮುಂದಿನ ತೀರ್ಪಿನಲ್ಲಿ ಥೀಮ್‌ನ ಕಾಲಂ ಕಿತ್ತು ಆ ಜಾಗದಲ್ಲಿ ಕನ್ನಡದ ಕಾಲಂ ಹಾಕಬೇಕೆಂದು ಕೋರುತ್ತೇನೆ. ನಕ್ಷತ್ರಗಳನ್ನು ಹಂಚಲು ನಿಮಗೂ ಒಂದು ಕಾರಣ ಸಿಕ್ಕಂತಾಗುತ್ತದೆ.

ಇತಿ,
ಬೀಗ ತೆರೆಯಲೆಂದು ಕಾಯುತ್ತಿರುವ ನಿಮ್ಮ ಓದುಗ