ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ: ಒಂದು ಹಿತ್ತಿಲ ಮೀಮಾಂಸೆ

ತುಮಕೂರು ಜಿಲ್ಲೆ ಪ್ರಾಣಿಗಳ ವಿಷಯದಲ್ಲಿ ಎಂದೂ ಜಿಪುಣತನ ತೋರಿದ್ದಲ್ಲ. ಗುಬ್ಬಿಯ ಹೆಸರಲ್ಲಿ ಇಲ್ಲೊಂದು ತಾಲ್ಲೂಕೇ ಇದೆ. ಕುಣಿಗಲ್ಲಿನಲ್ಲಿ ಕುದುರೆಗೆಂದೇ ಫಾರಂ ಇದ್ದು, ಅಲ್ಲಿ ಹುಟ್ಟಿದ ರೇಸಿನ ಮರಿಯ ಅಪ್ಪ, ಅಮ್ಮ, ಅಜ್ಜ, ಮುತ್ತಜ್ಜರ ಹೆಸರೆಲ್ಲ ಸ್ಟಡ್ ಬುಕ್ಕಿಗೆ ಏರುತ್ತವೆ. ಮನುಷ್ಯರಲ್ಲಿ ಎಷ್ಟೋ ಮಂದಿಗೆ ಆ ಭಾಗ್ಯವಿಲ್ಲ. ಹಳ್ಳಿಕಾರ್ ಹೋರಿಯ ಕಿವಿಗೆ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ 12 ಅಂಕಿಯ ನಂಬರು. 2019ರಲ್ಲಿ ನಡೆದ 20ನೇ ಜಾನುವಾರು ಗಣತಿ ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕೋಳಿಗಳನ್ನಷ್ಟೇ ಅಲ್ಲ, ಸಾಕಿದ ಆನೆಯನ್ನೂ ಮೊಲವನ್ನೂ ಎಣಿಸುವ ಏರ್ಪಾಡು ಮಾಡಿಕೊಂಡಿತ್ತು. ಇಷ್ಟೆಲ್ಲ ಎಣಿಸಿದವರು ಕುಣಿಗಲ್ ತಾಲ್ಲೂಕಿನ ಅಮೃತೂರು ಹೋಬಳಿಯ ಯಾವ ಹಿತ್ತಿಲ ಬಾಗಿಲು ತೆಗೆದರೂ ಎದುರಿಗೇ ಕೂತು ತಲೆಯಾಡಿಸುವ ಪ್ರಾಣಿಯೊಂದನ್ನು ಬಿಟ್ಟೇಬಿಟ್ಟರು. ಪಹಣಿ, ಅಂದರೆ ನಮೂನೆ 16, ಜಮೀನಿನಲ್ಲಿರುವ ಮರಗಳಿಗೂ ಜಾಗ ಕೊಡುತ್ತದೆ. ಓತಿಕ್ಯಾತಕ್ಕೆ ಒಂದು ಕಾಲಂ ಕೊಟ್ಟಿಲ್ಲ. ಹಿತ್ತಿಲಲ್ಲಿ ಸ್ವೇಚ್ಛೆಯಾಗಿ ತಿರುಗುವ ಸಾಕು ಓತಿಕ್ಯಾತದ ಲೆಕ್ಕ ಇಡುವುದು ಹೇಗೆ ಎಂಬ, ಶಾಸ್ತ್ರಕಾರರೆಲ್ಲ ಜಾಣತನದಿಂದ ತಪ್ಪಿಸಿಕೊಂಡ ಪ್ರಶ್ನೆಯನ್ನು ಈ ಪ್ರಬಂಧ ಎತ್ತಿಕೊಳ್ಳುತ್ತದೆ.

ಮೊದಲು ವಿಷಯದ ಎಲ್ಲೆ ಗುರುತಿಸಬೇಕು. ಉಡ ಈ ಚರ್ಚೆಗೆ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಅದು ಹುಲಿಯ ಸಾಲಿನಲ್ಲೇ ಕೂತಿದೆ, ಸಾಕುತ್ತೇನೆಂದು ಹೊರಟವರ ಲೆಕ್ಕವನ್ನು ಅರಣ್ಯ ಇಲಾಖೆಯೇ ಇಟ್ಟುಕೊಳ್ಳುತ್ತದೆ. ಹಲ್ಲಿ ಒಳಮನೆಯ ನಿವಾಸಿ, ಮೇಲಾಗಿ ಅದು ಯಾರ ತಲೆಯ ಮೇಲೆ, ಯಾರ ಭುಜದ ಮೇಲೆ ಬಿದ್ದರೆ ಏನು ಫಲ ಎಂಬುದನ್ನು ಪಂಚಾಂಗದವರು ಬರೆದಿಟ್ಟಾಗಿದೆ. ಹಾವುರಾಣಿ ಸೌದೆ ಒಟ್ಟಿನ ಅಡಿಯ ಸಂನ್ಯಾಸಿ. ಉಳಿದದ್ದು ಓತಿಕ್ಯಾತ, 1802ರಲ್ಲಿ ಫ್ರಾನ್ಸಿನ ದೋದಾಂ ಎಂಬ ವಿದ್ವಾಂಸ ಇದಕ್ಕೆ ‘ವರ್ಸಿಕಲರ್’, ಅಂದರೆ ಬಣ್ಣ ಬದಲಿಸುವಂಥದ್ದು, ಎಂದು ಹೆಸರಿಟ್ಟ. ಇದು ಸಾಕುಪ್ರಾಣಿ ಹೇಗಾದೀತು ಎಂಬ ಆಕ್ಷೇಪ ಇಲ್ಲೇ ಏಳುತ್ತದೆ. ಸಮಾಧಾನ ವ್ಯಾಕರಣದಲ್ಲಿದೆ. ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಆಗುತ್ತದೆ, ಇನ್ನು ಬೇಡ ಎಂದೂ ಆಗುತ್ತದೆ. ನಾಯಿ ಬೆಕ್ಕುಗಳು ಮೊದಲನೇ ಅರ್ಥದಲ್ಲಿ ಮಾತ್ರ ಸಾಕುಪ್ರಾಣಿಗಳು. ಓತಿಕ್ಯಾತ ಎರಡೂ ಅರ್ಥದಲ್ಲಿ. ಬಚ್ಚಲ ನೀರು ಹರಿದು ನಿಲ್ಲುವಲ್ಲಿ ಸೊಳ್ಳೆ, ತಿಪ್ಪೆಯಲ್ಲಿ ನೊಣ, ನುಗ್ಗೆ ಮರದಲ್ಲಿ ಕಂಬಳಿಹುಳು ಇವನ್ನೆಲ್ಲ ಒದಗಿಸುತ್ತಿರುವುದು ಮನೆಯವರೇ. ಉಣ್ಣಲಿಟ್ಟವರು ಸಾಕಿದವರಲ್ಲವಾದರೆ ಮತ್ತಾರು? ಹಿತ್ತಲ ಗಿಡ ಮದ್ದಲ್ಲ ಎನ್ನುವ ಜನಕ್ಕೆ ಹಿತ್ತಲ ಓತಿ ಸಾಕಿದ್ದಲ್ಲ ಎನಿಸುವುದು ಸಹಜ, ಆದರೆ ಸಹಜವಾದದ್ದೆಲ್ಲ ಸಿದ್ಧಾಂತವಲ್ಲ.

ಲೆಕ್ಕ ಇಟ್ಟು ಆಗಬೇಕಾದದ್ದೇನು ಎಂದು ಕೇಳುವವರಿಗೆ ಭಾಗವತದ ದಶಮಸ್ಕಂಧ ಉತ್ತರ ಕೊಟ್ಟಿದೆ. ನೃಗ ಮಹಾರಾಜ ದಾನಶೂರ. ಹಸುಗಳನ್ನು ಲೆಕ್ಕವಿಲ್ಲದಷ್ಟು ದಾನ ಮಾಡಿದ. ತೊಂದರೆ ಇದ್ದದ್ದೂ ಆ ‘ಲೆಕ್ಕವಿಲ್ಲದಷ್ಟು’ ಎಂಬಲ್ಲೇ. ಒಬ್ಬ ಬ್ರಾಹ್ಮಣನಿಗೆ ಕೊಟ್ಟ ಹಸು ತಪ್ಪಿಸಿಕೊಂಡು ಅರಮನೆಯ ಮಂದೆಗೆ ಮರಳಿತು, ರಾಜ ಅದನ್ನು ತಿಳಿಯದೆ ಇನ್ನೊಬ್ಬನಿಗೆ ಕೊಟ್ಟ. ಇಬ್ಬರೂ ಹಸು ತನ್ನದೆಂದು ಪಟ್ಟು ಹಿಡಿದರು, ಲಕ್ಷ ಹಸು ಕೊಡುತ್ತೇನೆಂದರೂ ಒಪ್ಪಲಿಲ್ಲ. ಪರಿಣಾಮವಾಗಿ ರಾಜ ದ್ವಾರಕೆಯ ಹಾಳುಬಾವಿಯಲ್ಲಿ ದೈತ್ಯ ಓತಿಕ್ಯಾತವಾಗಿ ಬಿದ್ದಿದ್ದ. ಸಾಂಬ ಮೊದಲಾದ ಯಾದವ ಹುಡುಗರು ನೀರು ಹುಡುಕುತ್ತ ಬಂದು ಅದನ್ನು ಕಂಡರು, ಕೃಷ್ಣ ಎಡಗೈಯಲ್ಲಿ ಎತ್ತಿ ಆ ಜನ್ಮದಿಂದ ಬಿಡಿಸಿದ. ಸಾಕಿದ ಪ್ರಾಣಿಯ ಲೆಕ್ಕ ತಪ್ಪಿದ್ದಕ್ಕೆ ನಮ್ಮ ಪುರಾಣ ವಿಧಿಸಿದ ಶಿಕ್ಷೆ ಓತಿಕ್ಯಾತದ ಜನ್ಮ ಎಂಬುದನ್ನು ಪಶುಸಂಗೋಪನೆಯವರು ಗಮನಿಸಬೇಕು. ಇನ್ನು ಓತಿಕ್ಯಾತದ ಲೆಕ್ಕವನ್ನೇ ತಪ್ಪಿದವರಿಗೆ ಯಾವ ಜನ್ಮ ಕಾದಿದೆಯೋ, ಅದನ್ನು ಯಾವ ಪುರಾಣವೂ ಹೇಳುವ ಧೈರ್ಯ ಮಾಡಿಲ್ಲ.

ಪೂರ್ವಪಕ್ಷದವರ ಮೊದಲನೇ ಸಲಹೆ, ಕಟ್ಟಿಹಾಕಿ ಎಂಬುದು. 1670ರಲ್ಲಿ ತಾನಾಜಿ ಉಡದ ಸೊಂಟಕ್ಕೆ ಹಗ್ಗ ಬಿಗಿದು ಕೋಟೆ ಹತ್ತಿಸಿದನೆಂಬ ಐತಿಹ್ಯವನ್ನು ಅವರು ಎತ್ತಿ ಹೇಳುತ್ತಾರೆ. ಮುಧೋಳ, ಸಂಡೂರುಗಳನ್ನಾಳಿದ ಘೋರ್ಪಡೆಯವರ ಮನೆತನದ ಹೆಸರೇ ಉಡದ್ದಲ್ಲವೇ ಎಂದೂ ಕೇಳುತ್ತಾರೆ. ಆದರೆ ಇದೇ ಜಾತಿಯ ಪ್ರಯೋಗ ದ್ವಾರಕೆಯಲ್ಲಿ ಅದಕ್ಕೂ ಮೊದಲೇ ಸೋತಿದೆ. ಯಾದವ ಹುಡುಗರು ತೊಗಲ ಹಗ್ಗ, ನೂಲ ಹಗ್ಗ ಎರಡನ್ನೂ ಹಾಕಿ ಎಳೆದರೂ ಓತಿ ಮೇಲೆ ಬರಲಿಲ್ಲ. ಬಿಲ್ಲೆ ಹಾಕೋಣವೆಂದರೆ ಓತಿಕ್ಯಾತಕ್ಕೆ ಕಿವಿಯ ತಮಟೆ ಉಂಟು, ಹಾಲೆ ಇಲ್ಲ. 12 ಅಂಕಿಯನ್ನು ನೇತುಹಾಕುವುದು ಎಲ್ಲಿಗೆ? ಹಲ್ಲಿಯ ಬಾಲಕ್ಕೆ ಚೀಟಿ ಕಟ್ಟಿದರೆ ಚೀಟಿಯೂ ಬಾಲವೂ ನಿಮ್ಮ ಕೈಯಲ್ಲಿ, ಹಲ್ಲಿ ಗೋಡೆಯಾಚೆ. ವಿಜ್ಞಾನಿಗಳು ಬೆನ್ನಿಗೆ ದಾರದ ಉಂಡೆ ಅಂಟಿಸಿ ದಾರ ಬಿಚ್ಚಿಕೊಂಡ ಹಾದಿ ಹಿಡಿಯುವುದುಂಟು. ಕನಕಾಂಬರದ ಮಡಿಯೂ ಕರಿಬೇವಿನ ಗಿಡವೂ ಬಟ್ಟೆ ಒಣಗಿಸುವ ತಂತಿಯೂ ಇರುವ ಹಿತ್ತಿಲಲ್ಲಿ ಮೂರು ದಿನ ಕಳೆದರೆ ಸಿಕ್ಕಿಹಾಕಿಕೊಳ್ಳುವುದು ಮನೆಯೊಡತಿ. ರೇಡಿಯೋ ಪಟ್ಟಿ ಕಟ್ಟುವವರಲ್ಲಿ, ಅದರ ಭಾರ ಪ್ರಾಣಿಯ ತೂಕದ ಶೇ 5ನ್ನು ಮೀರಬಾರದೆಂಬ ರೂಢಿ ಇದೆ. ಅಂದರೆ ಮೊದಲು ಓತಿಯನ್ನು ತಕ್ಕಡಿಯಲ್ಲಿ ಕೂರಿಸಬೇಕು, ಅದು ಕೂರುವುದಾದರೆ ಲೆಕ್ಕ ಇಡುವ ಕಷ್ಟವೇ ಇರುತ್ತಿರಲಿಲ್ಲ. ಬೆರಳ ತುದಿ ಕತ್ತರಿಸಿ ಗುರುತು ಮಾಡುವ ಹಳೆಯ ಪದ್ಧತಿಯೊಂದಿದೆ. ಏಕಲವ್ಯನ ಹೆಬ್ಬೆರಳಾದ ಮೇಲೂ ಬೆರಳು ಕೇಳುವ ವಿದ್ಯೆಯನ್ನು ವಿದ್ಯೆ ಎನ್ನಲು ಈ ಪ್ರಬಂಧ ಸಿದ್ಧವಿಲ್ಲ.

ಎರಡನೇ ಪೂರ್ವಪಕ್ಷ ಕ್ಯಾಮೆರಾದವರದು. 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಹುಲಿಗಳನ್ನು ಒಂದೊಂದಾಗಿ ಗುರುತಿಸಿದರು. ಹುಲಿಗಾದದ್ದು ಓತಿಗೆ ಆಗದೇ ಎಂದು ಅವರ ವಾದ. ಆಗದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಮತ್ತು ಅದು ಬೆಳಿಗ್ಗೆ ಉಟ್ಟ ಪಟ್ಟೆಯನ್ನೇ ಸಂಜೆಯೂ ಉಟ್ಟಿರುತ್ತದೆ. ಓತಿಕ್ಯಾತ ಬೆಳಿಗ್ಗೆ ಕಂದು, ಗಂಡು ಜಗಳಕ್ಕೆ ನಿಂತಾಗ ಕತ್ತು ಕೆಂಪು, ರಾತ್ರಿ ಕೊಂಬೆಯ ತುದಿಯಲ್ಲಿ ಮಲಗಿದಾಗ ಬಿಳಿಚು. ಒಂದು ಓತಿ ಮೂರು ಫೋಟೊದಲ್ಲಿ ಮೂರು ಓತಿಯಾಗುತ್ತದೆ, ಹೀಗೆ ಎಣಿಸಿದ ಹಿತ್ತಿಲು ಕಾಗದದ ಮೇಲೆ ಬಹಳ ಸಮೃದ್ಧವಾಗಿ ಕಾಣುತ್ತದೆ. ಇನ್ನೂ ದೊಡ್ಡ ತೊಡಕು ಯಂತ್ರದ್ದೇ. ಕಾಡಿನ ಕ್ಯಾಮೆರಾಗಳಲ್ಲಿ ಹೆಚ್ಚಿನವು ಮೈಯ ಬಿಸಿ ಅಲುಗಾಡಿದ್ದನ್ನು ಗ್ರಹಿಸಿ ಎಚ್ಚರಗೊಳ್ಳುತ್ತವೆ. ತಣ್ಣನೆ ರಕ್ತದ ಓತಿಯ ಮೈ, ಕೂತ ಗೂಟದಷ್ಟೇ ಬೆಚ್ಚಗಿದ್ದು, ಗೂಟದಷ್ಟೇ ನಿಶ್ಚಲವಾಗಿರುತ್ತದೆ. ಕ್ಯಾಮೆರಾದ ದೃಷ್ಟಿಯಲ್ಲಿ ಓತಿಯೂ ಗೂಟವೂ ಒಂದೇ. ವಿರೋಧಿಗಳು ತಮಗೆ ಅರಿವಿಲ್ಲದೆ ಆಡಿದ ಈ ಸತ್ಯವೇ ನಮ್ಮ ಸಿದ್ಧಾಂತಕ್ಕೆ ಬುನಾದಿ.

ನೈಯಾಯಿಕರು ಒಪ್ಪುವ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷ ಇಲ್ಲಿ ನಡೆಯದು, ಏಕೆಂದರೆ ನೋಡುವವರು ಕಂಡೊಡನೆ ಓತಿ ಗೂಟದ ಆಚೆ ಬದಿಗೆ ಸರಿಯುತ್ತದೆ, ನೋಡುವವರು ಸುತ್ತಿದರೆ ಅದೂ ಸುತ್ತುತ್ತದೆ. ಅನುಮಾನವೂ ನಡೆಯದು; ಹೊಗೆ ಇದ್ದಲ್ಲಿ ಬೆಂಕಿ ಎಂಬಂತೆ ತರಗೆಲೆ ಸದ್ದಾದಲ್ಲಿ ಓತಿ ಎನ್ನಹೋದರೆ ಕೋಳಿ ಎದುರಾಗುತ್ತದೆ. ಹಸುವಿನಂತಿರುವುದು ಗವಯ ಎಂಬುದು ಉಪಮಾನ, ಓತಿಯಂತಿರುವುದು ಯಾವುದು? ಗೋಸುಂಬೆ ಎಂದು ಉತ್ತರ ಬರುತ್ತದೆ, ಗೋಸುಂಬೆ ಹೇಗಿರುತ್ತದೆ ಎಂದರೆ ಓತಿಯಂತೆ ಎಂದು ಅದೇ ಬಾಯಿ ಹೇಳುತ್ತದೆ. ಉಳಿದದ್ದು ಶಬ್ದ, ಅಂದರೆ ಆಪ್ತವಾಕ್ಯ. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆ ನಮ್ಮಲ್ಲಿ ಇದೆ. ಒಬ್ಬ ಕಳ್ಳ ಇನ್ನೊಬ್ಬನ ಪರ ನಿಂತಾಗ ಇದನ್ನು ಹೀಗಳೆಯಲು ಬಳಸುವುದು ರೂಢಿ. ರೂಢಿಯ ಅರ್ಥ ಬಂದು ಮೂಲಾರ್ಥವನ್ನು ನುಂಗಿದೆ ಎಂಬುದು ನಮ್ಮ ನಿಲುವು. ಇದು ಬೈಗುಳವಲ್ಲ, ವಿಧಾನಸೂತ್ರ: ಓತಿಯ ಲೆಕ್ಕ ಬೇಕಾದವರು ಓತಿಯನ್ನು ಕೇಳಬೇಡಿ, ಗೂಟವನ್ನು ಕೇಳಿ. ಗೂಟ ಬಾಯಿಬಿಡದ ಸಾಕ್ಷಿ ಎಂದು ವಕೀಲರು ತಕರಾರು ತೆಗೆಯಬಹುದು. ಕಲ್ಲಿನ ಅಥವಾ ಲೋಹದ ಫಲಕದ ಮೇಲಿನ ಕೆತ್ತನೆಯೂ ದಸ್ತಾವೇಜೇ ಎಂದು 1872ರ ಸಾಕ್ಷ್ಯ ಅಧಿನಿಯಮ ಉದಾಹರಣೆ ಕೊಟ್ಟು ಹೇಳಿತ್ತು. ಸರ್ವೆ ಮರದ ಗೂಟದ ಮೇಲೆ ಉಗುರಿನಿಂದ ದಿನವೂ ಗೀರಿದ್ದನ್ನು ಅಷ್ಟಾದರೂ ಗೌರವಿಸುವುದು ನ್ಯಾಯ.

ಗಾದೆಗೆ ವಿಜ್ಞಾನದ ಬೆಂಬಲವೂ ಇದೆ. ಗಂಡು ಓತಿಕ್ಯಾತ ಹದ್ದುಬಸ್ತಿನ ಪ್ರಾಣಿ: ತನ್ನ ಎಲ್ಲೆಯೊಳಗಿನ ಎತ್ತರದ ಜಾಗ ಹಿಡಿದು ಬಿಸಿಲು ಕಾಯುತ್ತದೆ, ಮುಂಗಾಲು ಒತ್ತಿ ದಂಡ ಹೊಡೆಯುತ್ತದೆ, ಇನ್ನೊಂದು ಗಂಡು ಬಂದರೆ ಕತ್ತು ಕೆಂಪಾಗಿಸಿಕೊಂಡು ತಲೆ ಕುಣಿಸುತ್ತದೆ. ಇದರ ರಕ್ತ ಹೀರುವ ಖ್ಯಾತಿಗೆ ಆ ಕೆಂಪೊಂದೇ ಕಾರಣ, ಹೀರಿದ್ದಕ್ಕೆ ಪುರಾವೆಯಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂತು. ಅದರಲ್ಲಿ ಹಾರುವ ಓತಿಯನ್ನು ಅರಸಿ ಒಂದು ತಂಡವೇ ಕಾಡು ಹೊಗುತ್ತದೆ, ಕೊನೆಗೆ ಕಂಡ ಓತಿ ಕೈಗೆ ಸಿಗದೆ ತೇಲಿಹೋಗುತ್ತದೆ. ಅರಸಿ ಹೋದವರಿಂದ ಓತಿ ದೂರವಾಗುತ್ತದೆಂಬುದು ಅಲ್ಲಿಂದ ನಾವು ತೆಗೆಯುವ ಶಾಸ್ತ್ರೀಯ ನಿರ್ಣಯ. ಗೂಟ ನೆಟ್ಟು ಸುಮ್ಮನಿರುವವರ ಬಳಿಗೆ ಅದು ತಾನೇ ಬರುತ್ತದೆ. ಅಮೃತೂರಿನವರಿಗೆ ಇದು ಹೊಸದಾಗಬೇಕಿಲ್ಲ. ಅದೇ ಸೀಮೆಯ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯದಲ್ಲಿ ತಾನೇ ಕೆಲಸಮಾಡುವ ಸೈಫನ್ನುಗಳಿವೆ. ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತದೆ ಹೆಚ್ಚಿನ ನೀರು ಹೊರಬೀಳುತ್ತದೆ. ತನ್ನ ಲೆಕ್ಕವನ್ನು ತಾನೇ ಒಪ್ಪಿಸುವಂಥ ಏರ್ಪಾಡು ನದಿಗೆ ಸಾಧ್ಯವಾದರೆ ಓತಿಗೇಕೆ ಆಗಬಾರದು?

ಈಗ ಅತಿ ಕಠಿಣ ಆಕ್ಷೇಪ. ಇಂದು ಗೂಟದ ಮೇಲಿರುವುದು ನಿನ್ನೆಯ ಓತಿಯೇ ಎಂಬುದಕ್ಕೆ ಏನು ಆಧಾರ? ಆ ದೇವದತ್ತನೇ ಈ ದೇವದತ್ತ ಎಂದು ಗುರುತು ಹಿಡಿಯುವ ವೇದಾಂತಿಗಳ ಉಪಾಯ ಇಲ್ಲಿ ಸಾಲದು, ದೇವದತ್ತ ಗಳಿಗೆಗೊಂದು ಬಣ್ಣಕ್ಕೆ ತಿರುಗುತ್ತಿರಲಿಲ್ಲ. ಎಲ್ಲವೂ ಕ್ಷಣಿಕ ಎನ್ನುವ ಬೌದ್ಧರಿಗೆ ಓತಿಕ್ಯಾತದಂಥ ಒಳ್ಳೆಯ ದೃಷ್ಟಾಂತ ಸಿಗಲಾರದು. ನಮ್ಮ ಸಮಾಧಾನ ಕಂದಾಯ ಇಲಾಖೆಯ ಮಾದರಿಯದು: ಲೆಕ್ಕ ಇಡಬೇಕಾದದ್ದು ವ್ಯಕ್ತಿಯದಲ್ಲ, ಹುದ್ದೆಯದು. ಯಾವುದು ಆ ಗೂಟದ ಮೇಲಿದೆಯೋ ಅದು ನಮ್ಮ ಓತಿ. ಒಂದು ಸತ್ತು, ಸೋತು ಅಥವಾ ಬೆಕ್ಕಿನ ಪಾಲಾಗಿ ಇನ್ನೊಂದು ಬಂದು ಕೂತರೆ ಅದು ಬರೀ ಚಾರ್ಜು ಬದಲಾವಣೆ. ಪಟೇಲಿಕೆ, ಶಾನುಭೋಗಿಕೆಗಳು ವಂಶಪಾರಂಪರ್ಯವಾಗಿ ನಡೆಯುತ್ತಿದ್ದುದು 1963ರಲ್ಲಿ ರದ್ದಾಯಿತು. ಗೂಟದ ಮೇಲಿನ ಹುದ್ದೆಗೆ ಆ ಕಾನೂನು ಮುಟ್ಟಲಿಲ್ಲ, ಅದಕ್ಕೆ ಮೊದಲಿನಿಂದಲೂ ಸ್ಪರ್ಧೆಯ ಮೇಲೆಯೇ ನೇಮಕ. ಗೂಟ ಎರಡು ಹಿತ್ತಿಲ ನಡುವೆ ಇದ್ದು ಪಕ್ಕದವರೂ ಓತಿ ತಮ್ಮದೆಂದರೆ? ಇಬ್ಬರೂ ಬರೆದುಕೊಳ್ಳಲಿ. ನೃಗನ ಹಸುವಿನಂತೆ ಇದನ್ನು ದಾನ ಕೊಡುವ ಪ್ರಸಂಗ ಬರುವುದಿಲ್ಲವಾದ್ದರಿಂದ ಶಿಕ್ಷೆಯ ಭಯವಿಲ್ಲ.

ಇಷ್ಟಾದ ಮೇಲೆ ಸಿದ್ಧಾಂತದ ಬುಡಕ್ಕೇ ಕೊಡಲಿ ಬೀಳುವಂಥ ಒಂದು ಮಾತು ಉಳಿಯುತ್ತದೆ, ಮತ್ತು ಅದು ತರ್ಕದಿಂದ ಬಂದದ್ದಲ್ಲ. ಕತ್ತಾಳೆ, ಕಳ್ಳಿ, ಲಾಂಟಾನದ ನಡುವೆ ಅಲ್ಲಲ್ಲಿ ಸರ್ವೆ ಗೂಟ ನೆಟ್ಟ ಬೇಲಿ ಹೋಗಿ, ಸಿಮೆಂಟು ಇಟ್ಟಿಗೆಯ ಕಾಂಪೌಂಡು, ಕಲ್ಲುಕಂಬದ ತಂತಿ ಬರುತ್ತಿವೆ. ಕಾಂಪೌಂಡೂ ಎತ್ತರವೇ, ಓತಿ ಅದರ ಮೇಲೇ ಕೂರಲಿ ಎಂದರೆ, ಕೂರುತ್ತದೆ. ಆದರೆ ಸಿಮೆಂಟಿನಲ್ಲಿ ಹುಳುವಿಲ್ಲ, ಅಡಗಲು ಪೊದೆಯಿಲ್ಲ, ಚಪ್ಪಡಿ ಹಾಸಿದ ಅಂಗಳದಲ್ಲಿ ಹೆಣ್ಣಿಗೆ ಗುಂಡಿ ತೋಡಿ ಮೊಟ್ಟೆಯಿಡಲು ಮೆತ್ತನೆ ಮಣ್ಣಿಲ್ಲ. ಓತಿಯ ಲೆಕ್ಕ ಎಂದು ನಾವು ಇಷ್ಟು ಹೊತ್ತು ಕರೆದದ್ದು ಬೇಲಿಯ ಲೆಕ್ಕವೇ ಆಗಿತ್ತು. ಭಾಟ್ಟ ಮೀಮಾಂಸಕರು ನಾಲ್ಕು ಪ್ರಮಾಣಗಳ ಆಚೆಗೆ ಅನುಪಲಬ್ಧಿ ಎಂಬ ಇನ್ನೊಂದನ್ನು ಒಪ್ಪುತ್ತಾರೆ: ನೆಲದ ಮೇಲೆ ಮಡಕೆ ಕಾಣುತ್ತಿಲ್ಲ, ಇದ್ದಿದ್ದರೆ ಕಾಣುತ್ತಿತ್ತು, ಆದ್ದರಿಂದ ಇಲ್ಲ. ಇಲ್ಲವೆಂದು ತಿಳಿಯುವುದಕ್ಕೂ ನೆಲ ಬೇಕು ಎಂಬುದು ಅದರ ಮರ್ಮ. ಖಾಲಿ ಗೂಟ ಕಂಡ ಅಮೃತೂರಿನ ಮಗು ‘ಓತಿ ಇವತ್ತು ಬಂದಿಲ್ಲ’ ಎನ್ನಬಲ್ಲದು. ಅದು ಪೂರ್ತಿ ಶಾಸ್ತ್ರಶುದ್ಧವಾದ ಲೆಕ್ಕ. ಗೂಟವನ್ನೇ ಕಿತ್ತು ಒಲೆಗಿಟ್ಟ ಮನೆಯಲ್ಲಿ ಹುಟ್ಟಿದ ಮಗುವಿಗೆ ಬಂದಿಲ್ಲ ಎನ್ನಲು ತೋರಿಸುವ ಜಾಗವಿಲ್ಲ.