ಕುಂದಲಹಳ್ಳಿ ಪರಂಪರೆಯ ಜಲಪಾತ ಚಾರಣ ಮೀಮಾಂಸೆ

1. ಲಕ್ಷಣ

ಎತ್ತರದಿಂದ ತಗ್ಗಿಗೆ ನೀರು ಧುಮುಕುವ ತಾಣವೇ ಜಲಪಾತ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಟ್ಟುತ್ತದೆ. ಮಳೆ ಬಂದಾಗ ಮೇಲ್ಸೇತುವೆಯ ಒಡಕು ಪೈಪಿನಿಂದ ಸ್ಕೂಟರ್ ಸವಾರನ ನೆತ್ತಿಗೆ ಬೀಳುವ ನೀರಿಗೂ ಅದು ಹೊಂದುತ್ತದೆ. ದೋಷ ಪರಿಹಾರಕ್ಕಾಗಿ ಜಲಪಾತವನ್ನು ನೈಸರ್ಗಿಕ, ಆಕಸ್ಮಿಕ, ಕಾರ್ಯಾಲಯಿಕ ಎಂದು ಮೂರು ಬಗೆಯಾಗಿ ವಿಂಗಡಿಸುವುದು ಬೆಂಗಳೂರಿನ ಕುಂದಲಹಳ್ಳಿ ಪರಂಪರೆಯ ಕ್ರಮ.

ನೈಸರ್ಗಿಕ ಜಲಪಾತದ ಬಳಿಗೆ ಮನುಷ್ಯ ಹೋಗಬೇಕು. ಶರಾವತಿ 253 ಮೀಟರ್ ಧುಮುಕುವ ಜೋಗ ಇದಕ್ಕೆ ಉದಾಹರಣೆ. ಆಕಸ್ಮಿಕವು ಮನುಷ್ಯನ ಬಳಿಗೆ ತಾನೇ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಅದು ಪ್ರವಾಹವಾಗಿ ಹೊರವರ್ತುಲ ರಸ್ತೆಗೂ ಯಮಲೂರಿಗೂ ಬಂದಾಗ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರಾಕ್ಟರ್ ಏರಿ ಕಚೇರಿ ಸೇರಿದರು. ಇದನ್ನು ಚಾರಣವೆಂದು ಎಣಿಸಕೂಡದು; ಅಲ್ಲಿ ನಡೆದದ್ದು ಟ್ರಾಕ್ಟರು.

ಮೂರನೆಯದು ಕಾರ್ಯಾಲಯಿಕ. ತಂತ್ರಾಂಶ ಕಟ್ಟುವಾಗ ಮೊದಲು ಅಗತ್ಯ ಸಂಗ್ರಹ, ಆಮೇಲೆ ವಿನ್ಯಾಸ, ಆಮೇಲೆ ಅನುಷ್ಠಾನ, ಕೊನೆಯಲ್ಲಿ ಪರೀಕ್ಷೆ, ಹೀಗೆ ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಇಳಿಯುತ್ತ ಹೋಗುವ ಪದ್ಧತಿಗೆ ‘ವಾಟರ್‌ಫಾಲ್’ ಎಂದು ಹೆಸರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರ್ ಬರೆದ ಲೇಖನವನ್ನು ಇದರ ಮೂಲಗ್ರಂಥವೆಂದು ಹೇಳುವ ರೂಢಿಯಿದೆ. ಆ ಲೇಖನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚಿತ್ರ ಇದೆ, ವಾಟರ್‌ಫಾಲ್ ಎಂಬ ಪದ ಇಲ್ಲ. ಈ ಪದ್ಧತಿ ಅಪಾಯಕಾರಿ, ಸೋಲನ್ನು ಕರೆದು ತರುವಂಥದ್ದು ಎಂಬ ಎಚ್ಚರಿಕೆ ಇದೆ. ಚಿತ್ರ ನೋಡಿ ಲೇಖನ ಓದದವರಿಂದಲೇ ಸಂಪ್ರದಾಯಗಳು ಹುಟ್ಟುತ್ತವೆ ಎಂಬ ಸಾಮಾನ್ಯ ನಿಯಮಕ್ಕೆ ಇದೊಂದು ನಿದರ್ಶನ.

2001ರ ಫೆಬ್ರುವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಜನ ಸೇರಿ ‘ಅಜೈಲ್’ ಎಂಬ ಪ್ರತಿಮತವನ್ನು ಘೋಷಿಸಿದರು. ಇಂದು ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ಐಟಿಪಿಎಲ್ ಸೀಮೆಯ ಬಹುಸಂಖ್ಯಾತರು ಈ ಮತದವರು. ಸೋಮವಾರದಿಂದ ಶುಕ್ರವಾರದವರೆಗೆ ಜಲಪಾತವನ್ನು ಖಂಡಿಸುವುದು, ಶನಿವಾರ ಅದನ್ನು ಹುಡುಕಿಕೊಂಡು ಹೋಗುವುದು ಇವರ ನಿತ್ಯಾಚರಣೆ. ಈ ವಿರೋಧಾಭಾಸದ ಪರಿಹಾರವೇ ಪ್ರಸ್ತುತ ಶಾಸ್ತ್ರದ ಪ್ರಯೋಜನ.

2. ಅಧಿಕಾರಿ

ಅಧಿಕಾರಿ ಎಂದರೆ ಇಲ್ಲಿ ಮ್ಯಾನೇಜರ್ ಅಲ್ಲ. ಶಾಸ್ತ್ರವನ್ನು ಅಭ್ಯಾಸ ಮಾಡಲು ಅರ್ಹತೆ ಉಳ್ಳವನು. ಹೊಸಬರಾದ ಅಧಿಕಾರಿಗಳಲ್ಲಿ ಮೂರು ತರ.

ಉತ್ತಮನು ಎಂದೂ ಕಾಡಿನಲ್ಲಿ ನಡೆದವನಲ್ಲ, ನಡೆದಿಲ್ಲವೆಂಬುದು ಅವನಿಗೆ ಗೊತ್ತು. ಮಧ್ಯಮನು ನಂದಿಬೆಟ್ಟದ ನೆತ್ತಿಯವರೆಗೆ ಕಾರಿನಲ್ಲಿ ಹೋಗಿ, ನಿಲುಗಡೆಯಿಂದ ಕ್ಯಾಂಟೀನಿಗೆ ನಡೆದದ್ದನ್ನು ಚಾರಣವೆಂದು ದಾಖಲಿಸಿರುತ್ತಾನೆ. ಅಧಮನು ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿದವನು. ದಿನಕ್ಕೆ 10,000 ಹೆಜ್ಜೆ ಎಂಬುದನ್ನು ಅವನು ವೇದವಾಕ್ಯವಾಗಿ ಹಿಡಿದಿರುತ್ತಾನೆ. ಆ ಸಂಖ್ಯೆಯ ಮೂಲ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್‌ಪೊ-ಕೆಯ್’ ಎಂಬ ಹೆಜ್ಜೆಮಾಪಕ. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರುವವನು ಇಟ್ಟ ಹೆಸರು ಕೊಂಡವನ ವ್ರತವಾಯಿತು. ಪಿಜಿಯ ಮೊಗಸಾಲೆಯಲ್ಲಿ ಸುತ್ತು ಹಾಕಿ ಲೆಕ್ಕ ತುಂಬಿಸಿದ ಈ ಅಧಮನೇ ಜಲಪಾತದ ಮೆಟ್ಟಿಲ ಬಳಿ ಮೊದಲು ಕೂರುವವನು.

3. ಅಗತ್ಯ ಸಂಗ್ರಹ

ವಾರವಿಡೀ ಅಜೈಲ್ ಜಪಿಸುವ ತಂಡ ಚಾರಣದ ಯೋಜನೆಯನ್ನು ಮಾತ್ರ ಅಪ್ಪಟ ವಾಟರ್‌ಫಾಲ್ ಪದ್ಧತಿಯಲ್ಲೇ ಮಾಡುತ್ತದೆ. ಮೊದಲ ಮೆಟ್ಟಿಲು ಅಗತ್ಯ ಸಂಗ್ರಹ. ಇದರ ಸಾಧನ ವಾಟ್ಸಾಪ್ ಗುಂಪು. ಇಲ್ಲಿ ‘ಕ್ಷಯ ನಿಯಮ’ ಕೆಲಸ ಮಾಡುತ್ತದೆ. ಗುರುವಾರ ‘ಬರ್ತೀನಿ ಗುರು’ ಎಂದವರಿಗೆ ಮಿನಿ ಬಸ್ಸು ಬೇಕು. ಶುಕ್ರವಾರ ರಾತ್ರಿ ಉಳಿದವರಿಗೆ ಟೆಂಪೊ ಟ್ರಾವೆಲರ್ ಸಾಕು. ಶನಿವಾರ ಬೆಳಗ್ಗೆ ಎದ್ದವರು ಒಂದು ಕಾರಿನಲ್ಲಿ ಹಿಡಿಸುತ್ತಾರೆ. ಮುಂಗಡ ಕೊಟ್ಟದ್ದು ಮಾತ್ರ ಮಿನಿ ಬಸ್ಸಿಗೆ.

4. ಕ್ಷೇತ್ರ

ಹೊಸಬರಿಗೆ ವಿಹಿತವಾದ ಕ್ಷೇತ್ರ ಆನೇಕಲ್ ತಾಲ್ಲೂಕಿನ ಮುತ್ಯಾಲಮಡುವು. ಆನೇಕಲ್ ಪೇಟೆಯಿಂದ ಸುಮಾರು 5 ಕಿ.ಮೀ., ಕುಂದಲಹಳ್ಳಿಯಿಂದ ಸುಮಾರು 45 ಕಿ.ಮೀ. ತೊರೆಯೊಂದು ಬಂಡೆಯಿಂದ ಕಣಿವೆಗೆ ಇಳಿಯುತ್ತದೆ; ಪಕ್ಕದಲ್ಲಿ ಮೆಟ್ಟಿಲ ದಾರಿ, ತಗ್ಗಿನಲ್ಲಿ ಶಿವನ ಪುಟ್ಟ ಗುಡಿ, ಸುತ್ತ ಕುರುಚಲು ಕಾಡು. ಜಲಪಾತದ ಎತ್ತರ 90 ಮೀಟರಿನ ಆಸುಪಾಸು ಎಂದು ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. ನೋಡಿದವರ ಕಣ್ಣು ಈ ಅಂಕಿಯೊಂದಿಗೆ ರಾಜಿಯಾಗಲು ಸಾಕಷ್ಟು ಮಳೆ ಆಗಿರಬೇಕು.

ಹೆಸರಿನ ವಿಚಾರ. ‘ಮುತ್ಯಾಲ’ ತೆಲುಗು, ಮುತ್ತುಗಳ ಎಂದು ಅರ್ಥ, ‘ಮಡುವು’ ಕನ್ನಡದ್ದು, ತಮಿಳುನಾಡಿನ ಗಡಿ ಅಲ್ಲಿಂದ ಕೂಗಳತೆ. ಮೂರು ಭಾಷೆಗಳು ಜಗಳವಿಲ್ಲದೆ ಒಂದು ಹಳ್ಳದ ದಡದಲ್ಲಿ ಸೇರಿರುವುದು ಕುಂದಲಹಳ್ಳಿಯ ಕಚೇರಿಗಳಿಗೂ ಮೇಲ್ಪಂಕ್ತಿಯಾಗಬಲ್ಲದು. ಆನೇಕಲ್ ಎಂಬ ಹೆಸರನ್ನು ಕೇಳಿದ ಹೊಸಬರು ಆನೆಯನ್ನು ನಿರೀಕ್ಷಿಸುತ್ತಾರೆ. ಕನ್ನಡದಲ್ಲಿ ಆನೆಕಲ್ಲು ಎಂದರೆ ಆಲಿಕಲ್ಲು ಎಂಬ ಅರ್ಥವೂ ಇದೆ. ಆದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಾಡು ಇದೇ ತಾಲ್ಲೂಕಿನಲ್ಲಿ ಹಬ್ಬಿದ್ದು, ಅಲ್ಲಿನ ಕಾಡಾನೆಗಳು ನಿಘಂಟು ನೋಡಿ ಓಡಾಡುವುದಿಲ್ಲ. ಆದ್ದರಿಂದ ನಿರುಕ್ತ ಏನೇ ಇರಲಿ, ಕತ್ತಲಾಗುವ ಮೊದಲು ಹೊರಬರುವುದು ಶಾಸ್ತ್ರಸಮ್ಮತ.

ಪೂರ್ವಪಕ್ಷ: ಕನಕಪುರ ರಸ್ತೆಯ ತೊಟ್ಟಿಕಲ್ಲು ಜಲಪಾತ ಇನ್ನೂ ಚೆಲುವಲ್ಲವೇ? ಉತ್ತರ: ಇರಬಹುದು. ಅದು ಅರಣ್ಯ ಇಲಾಖೆಯ ನಿರ್ಬಂಧಕ್ಕೆ ಒಳಪಟ್ಟ ಜಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದು ಅಪರಾಧ. ‘ರೀಲ್ಸ್‌ನಲ್ಲಿ ಎಲ್ಲರೂ ಹೋಗಿದ್ದಾರೆ’ ಎಂಬುದು ಪ್ರಮಾಣವಲ್ಲ, ಎಲ್ಲರ ವಿರುದ್ಧವೂ ಸಾಕ್ಷ್ಯ.

5. ಕಾಲ

ನೈಋತ್ಯ ಮುಂಗಾರು ಜೂನಿನಲ್ಲಿ ಬೆಂಗಳೂರು ಸೀಮೆಗೆ ಬರುತ್ತದಾದರೂ ಇಲ್ಲಿ ಮಳೆ ಹೆಚ್ಚಾಗಿ ಬೀಳುವುದು ಆಗಸ್ಟಿನಿಂದ ಅಕ್ಟೋಬರಿನವರೆಗೆ. ಮುತ್ಯಾಲಮಡುವಿನಂಥ ಸಣ್ಣ ತೊರೆ ಮಳೆಯ ಋಣದಲ್ಲಿ ಬದುಕುವಂಥದ್ದು. ಸೆಪ್ಟೆಂಬರಿನಿಂದ ನವೆಂಬರ್ ಉತ್ತಮ ಕಾಲ. ಮಾರ್ಚಿನಲ್ಲಿ ಜಲಪಾತದಲ್ಲಿ ಪಾತವಿದ್ದು ಜಲ ಇರುವುದಿಲ್ಲ.

ಹೊಸಬರು ಕಾಲ ನಿರ್ಣಯಕ್ಕೆ ಮೋಡವನ್ನು ನೋಡದೆ ಲಾಂಗ್ ವೀಕೆಂಡನ್ನು ನೋಡುತ್ತಾರೆ. ಶಿವರಾತ್ರಿ, ಯುಗಾದಿ ಶುಕ್ರವಾರಕ್ಕೋ ಸೋಮವಾರಕ್ಕೋ ಬಿದ್ದರೆ ಮುಹೂರ್ತ ಕೂಡಿತು. ಎರಡೂ ಬರುವುದು ಕುಂದಲಹಳ್ಳಿ ಕಡೆ ಟ್ಯಾಂಕರ್ ನೀರಿಗೆ ಬೇಡಿಕೆ ಏರುವ ಕಾಲದಲ್ಲಿ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರದ ಪೂರ್ವಭಾಗವೇ ಟ್ಯಾಂಕರಿನ ಹಾದಿ ಕಾದದ್ದು ಇತಿಹಾಸ. ಮನೆಯ ನಲ್ಲಿಯಲ್ಲಿ ಇಲ್ಲದ ನೀರು ಬಂಡೆಯ ಮೇಲೆ ಇದ್ದೀತು ಎಂಬ ಈ ನಂಬಿಕೆಗೆ ಶಾಸ್ತ್ರದಲ್ಲಿ ‘ಬಂಡೆ ಭ್ರಾಂತಿ’ ಎಂದು ಹೆಸರು.

6. ಸಾಮಗ್ರಿ

ಅಟ್ಟೆಯಲ್ಲಿ ಹಿಡಿತ ಉಳಿದಿರುವ ಬೂಟು, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಬದಲಿ ಕಾಲುಚೀಲ, ಬ್ಯಾಂಡೇಜು, ಕಸ ವಾಪಸು ತರಲು ಚೀಲ: ಇವು ನಿತ್ಯ ಸಾಮಗ್ರಿ. ಚಿತ್ರಾನ್ನ, ಪುಳಿಯೋಗರೆ ಕಾಮ್ಯ ಸಾಮಗ್ರಿ. ಡಬ್ಬಿ ತೆರೆದ ಕೂಡಲೇ ಕೋತಿಗಳೂ ಅಧಿಕಾರಿಗಳಾಗುತ್ತವೆ. ಬ್ಲೂಟೂತ್ ಸ್ಪೀಕರ್, ಮದ್ಯದ ಬಾಟಲಿ, ಲ್ಯಾಪ್‌ಟಾಪ್ ನಿಷಿದ್ಧ ಸಾಮಗ್ರಿ. ಮೂರನೆಯದನ್ನು ‘ಆನ್ ಕಾಲ್ ಇದೀನಿ’ ಎಂದು ಒಬ್ಬನಾದರೂ ತಂದಿರುತ್ತಾನೆ.

7. ಮಾರ್ಗ

ಮಾರ್ಗಗಳು ಎರಡು. ಪ್ರಾಚೀನರದು ವರ್ತೂರು, ದೊಮ್ಮಸಂದ್ರ, ಸರ್ಜಾಪುರ, ಅತ್ತಿಬೆಲೆ ದಾಟಿ ಆನೇಕಲ್ ಸೇರುವ ರಸ್ತೆ. ನವ್ಯರದು ಮೆಟ್ರೊ. ಕುಂದಲಹಳ್ಳಿ ನಿಲ್ದಾಣ 2023ರ ಮಾರ್ಚಿನಲ್ಲಿ ತೆರೆಯಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಆರಂಭವಾಯಿತು. ನೇರಳೆಯಲ್ಲಿ ಮೆಜೆಸ್ಟಿಕ್, ಹಸಿರಿನಲ್ಲಿ ಆರ್.ವಿ. ರಸ್ತೆ, ಹಳದಿಯಲ್ಲಿ ಬೊಮ್ಮಸಂದ್ರ, ಅಲ್ಲಿಂದ ಚಂದಾಪುರದ ಮೇಲೆ ಆನೇಕಲ್ ಬಸ್ಸು. ದಕ್ಷಿಣದ ಊರಿಗೆ ಪಶ್ಚಿಮಾಭಿಮುಖವಾಗಿ ಹೊರಡುವ ಈ ಮಾರ್ಗದಲ್ಲಿ ಮೂರು ಬಣ್ಣ ಕಾಣಸಿಗುವುದರಿಂದ ಕೆಲವರು ಮುಂದೆ ಕಾಮನಬಿಲ್ಲು ಕಾಣದಿದ್ದರೂ ಕೊರಗುವುದಿಲ್ಲ.

ಮನೆಯ ಬಾಗಿಲಿನಿಂದ ಊರ ಹೊರಗಿನವರೆಗೆ ಆಗುವ ಶ್ರಮ, ಊರ ಹೊರಗಿನಿಂದ ಜಲಪಾತದವರೆಗೆ ಆಗುವ ಶ್ರಮಕ್ಕಿಂತ ಹೆಚ್ಚು. ‘ಸುಲಭ ಚಾರಣ’ ಎಂಬಲ್ಲಿ ಸುಲಭ ಎಂಬ ವಿಶೇಷಣ ಕಾಡಿನ ಭಾಗಕ್ಕೆ ಮಾತ್ರ ಅನ್ವಯ.

8. ಅವರೋಹಣ ಮತ್ತು ದರ್ಶನ

ಬೆಟ್ಟದ ಚಾರಣದಲ್ಲಿ ಏರು ಮೊದಲು, ಇಳಿವು ಆಮೇಲೆ. ಕಣಿವೆಯ ಜಲಪಾತದಲ್ಲಿ ಇದು ತಿರುವುಮುರುವು. ಮೆಟ್ಟಿಲು ಇಳಿಯುವಾಗ ಹೊಸಬರು ಹಾಡು ಹೇಳುತ್ತಾರೆ, ಮುಂದಿನ ವರ್ಷದ ಕುಮಾರಪರ್ವತದ ಮಾತು ತೆಗೆಯುತ್ತಾರೆ. ತಗ್ಗು ಸಾಲ ಕೊಡುವ ಬ್ಯಾಂಕಿನಂತೆ. ವಸೂಲಿಯ ಹೊತ್ತು ಬೇರೆ ಇರುತ್ತದೆ.

ತಗ್ಗಿನಲ್ಲಿ ಪಾಲಿಸಬೇಕಾದ ವಿಧಿಗಳಲ್ಲಿ ಹಾಸ್ಯಕ್ಕೆ ಅವಕಾಶವಿಲ್ಲ. ಪಾಚಿ ಕಟ್ಟಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. ಆಳ ತಿಳಿಯದ ಮಡುವಿಗೆ ಇಳಿಯಬಾರದು, ಧಾರೆಯ ನೇರ ಕೆಳಗೆ ನಿಲ್ಲಬಾರದು. ಮೇಲೆ ಎಲ್ಲೋ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರಬಹುದು. ನೀರು ಕೆಂಪಾದರೆ, ಸದ್ದು ದಪ್ಪವಾದರೆ ದಡ ಹತ್ತಬೇಕು.

ಇನ್ನು ದರ್ಶನ. ಯುಗಾದಿ ರಜೆಗೆ ಹೋದ ತಂಡಕ್ಕೆ ಇಲ್ಲಿ ಬೋಳು ಬಂಡೆಯೂ ಅದರ ಮೇಲೆ ನೀರು ಇಳಿದ ಕಪ್ಪು ಗೆರೆಯೂ ಕಾಣುತ್ತವೆ. ಗುಂಪು ರಚಿಸಿ, ಮತ ಹಾಕಿ, ಹಣ ಹಂಚಿ, ಗಾಡಿ ಹಿಡಿದು, ತಿಂಡಿ ಕಟ್ಟಿ, ಮೆಟ್ಟಿಲು ಇಳಿದು, ಎಲ್ಲ ಮುಗಿದ ಮೇಲೆ ಕೊನೆಗೆ ನಡೆದ ಪರೀಕ್ಷೆ ಇದು: ನೀರು ಇದೆಯೋ ಇಲ್ಲವೋ. ರಾಯ್ಸ್ ಎತ್ತಿದ ಆಕ್ಷೇಪವೂ ಇದೇ. ಪರೀಕ್ಷೆ ಕೊನೆಯ ಮೆಟ್ಟಿಲಲ್ಲಿ ಇರುವುದರಿಂದ, ಕಾಗದದಲ್ಲಿ ಸರಿಕಂಡದ್ದು ನಿಜದಲ್ಲಿ ಹೇಗಿದೆ ಎಂಬುದು ಅಲ್ಲಿಯವರೆಗೂ ತಿಳಿಯುವುದಿಲ್ಲ. ತಿಳಿದಾಗ ಮೇಲಿನಿಂದ ಮತ್ತೆ ಶುರು ಮಾಡಬೇಕಾಗುತ್ತದೆ. ಆನೇಕಲ್ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವರನ್ನು ಶುಕ್ರವಾರವೇ ಒಂದು ಮಾತು ಕೇಳಿದ್ದರೆ ಈ ಪರೀಕ್ಷೆ ಮೊದಲೇ ಮುಗಿಯುತ್ತಿತ್ತು. ಆದರೆ ಅವರು ಗುಂಪಿನ ಸದಸ್ಯರಲ್ಲ.

9. ಆರೋಹಣ

ಏರುವಾಗ ಮೆಟ್ಟಿಲುಗಳ ಸಂಖ್ಯೆ ಇಳಿಯುವಾಗಿನದಕ್ಕಿಂತ ಹೆಚ್ಚಾಗಿರುತ್ತದೆ. ಇದು ಗಣಿತಕ್ಕೆ ವಿರುದ್ಧವಾದರೂ ಮೊಣಕಾಲಿಗೆ ಪ್ರತ್ಯಕ್ಷ. ಏರು ಎಷ್ಟು ದುಬಾರಿ ಎಂಬುದಕ್ಕೆ ಬೆಂಗಳೂರಿನ ಕಾವೇರಿ ನೀರೇ ಪ್ರಮಾಣ. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಬೀಳಬೇಕಿದ್ದ ಹೊಳೆಯಿಂದ ಮೇಲ್ಗಡೆಯೇ ಒಂದು ಪಾಲನ್ನು ಸೆಳೆದು, ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಪಂಪು ಮಾಡಿ, ಸುಮಾರು 100 ಕಿ.ಮೀ. ದೂರಕ್ಕೂ ಸುಮಾರು 500 ಮೀಟರ್ ಎತ್ತರಕ್ಕೂ ತರಲಾಗುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಎಂದರೆ ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ, ಜಲಪಾತವಾಗುವುದನ್ನು ತಪ್ಪಿಸಿಕೊಂಡು ಚಾರಣ ಮಾಡಿ ಬಂದ ನೀರು. ಅದಕ್ಕೆ ಪಂಪ್ ಇದೆ. ಹೊಸಬನಿಗೆ ಇರುವುದು ಬೆಳಗ್ಗೆ ತಿಂದ ತಟ್ಟೆ ಇಡ್ಲಿ ಮಾತ್ರ. ಆದ್ದರಿಂದ ನಿಧಾನವಾಗಿ ಏರಬೇಕು, ನಡುನಡುವೆ ನಿಲ್ಲಬೇಕು, ನಿಂತದ್ದಕ್ಕೆ ಫೋಟೊದ ನೆಪ ಹೇಳಬಹುದು.

10. ಸಿದ್ಧಾಂತ ಮತ್ತು ಫಲಶ್ರುತಿ

ರಾಯ್ಸ್ ಬರೀ ದೋಷ ಹೇಳಿ ಬಿಡಲಿಲ್ಲ, ಪರಿಹಾರಗಳನ್ನೂ ಹೇಳಿದ. ಅವುಗಳಲ್ಲಿ ಒಂದು, ಕೆಲಸವನ್ನು ಎರಡು ಸಲ ಮಾಡು ಎಂಬುದು: ಮೊದಲ ಸಲ ಕಲಿಯಲು, ಎರಡನೆಯ ಸಲ ಒಪ್ಪಿಸಲು. ಚಿತ್ರ ಮಾತ್ರ ನೋಡಿದವರು ಬಿಟ್ಟ ಪುಟಗಳಲ್ಲಿ ಇದೂ ಇತ್ತು. ಜಲಪಾತ ಚಾರಣಕ್ಕೂ ಇದೇ ಸಿದ್ಧಾಂತ. ಒಮ್ಮೆ ಬೇಸಗೆಯಲ್ಲಿ ಹೋಗಿ ಬಂಡೆಯನ್ನೂ ಮೆಟ್ಟಿಲನ್ನೂ ಮೊಣಕಾಲನ್ನೂ ಅರಿಯಬೇಕು. ಮತ್ತೊಮ್ಮೆ ಆಯುಧಪೂಜೆಯ ಆಸುಪಾಸಿನಲ್ಲಿ, ಲ್ಯಾಪ್‌ಟಾಪಿಗೆ ಕುಂಕುಮವಿಟ್ಟು ಕಚೇರಿಯಲ್ಲೇ ಬಿಟ್ಟು, ಎರಡು ದಿನ ಮಳೆ ಬಿದ್ದು ಒಂದು ದಿನ ಹೊಳವಾದ ಮೇಲೆ ಹೋಗಬೇಕು. ಅದೇ ಕಪ್ಪು ಗೆರೆಯ ಮೇಲೆ ಆಗ ನೀರು ಮುತ್ತಾಗಿ ಉದುರುತ್ತಿರುತ್ತದೆ. ಹೆಸರು ಇಟ್ಟವರು ಯಾವ ತಿಂಗಳಲ್ಲಿ ಬಂದಿದ್ದರು ಎಂಬುದು ಆಗ ತಿಳಿಯುತ್ತದೆ.

ಈ ಮೀಮಾಂಸೆಯನ್ನು ಶುಕ್ರವಾರ ಸಂಜೆ ಓದಿದವರಿಗೆ ಶನಿವಾರ ಬೇಗ ಎಚ್ಚರವಾಗುತ್ತದೆ. ಹೋಗಿ ಬಂದವರಿಗೆ ಸೋಮವಾರದ ಸ್ಟ್ಯಾಂಡಪ್‌ನಲ್ಲಿ ಕೂರಲು ಶಾಸ್ತ್ರಾನುಮತಿ ಇದೆ.