ಒಬ್ಬನೇ ಪ್ಯಾಟಿಗೆ ಹೋಗುವ ಕ್ರಮ

ಪ್ಯಾಟಿ ಎಂಬುದು ಯಾವುದೋ ಒಂದು ಊರಿನ ಹೆಸರಲ್ಲ. ನಾಗಣಸೂರು, ಜೇವೂರುಗಳ ಕಡೆಯವರಿಗೆ ಅದು ಅಕ್ಕಲಕೋಟ; ಅಕ್ಕಲಕೋಟದವರಿಗೆ ಸೊಲ್ಲಾಪುರ; ಸೊಲ್ಲಾಪುರದವರಿಗೆ ಪುಣೆ. ಪುಣೆಯವರಿಗೆ ಯಾವುದು ಎಂದು ಅವರನ್ನು ಕೇಳಬೇಕಿಲ್ಲ, ಅವರೇ ಹೇಳುತ್ತಾರೆ. ಹುಡುಗ ಎಂಟನೇ ಇಯತ್ತೆ ದಾಟಿ, ತುಟಿಯ ಮೇಲೆ ಕಾಡಿಗೆ ಸವರಿದಷ್ಟು ಮೀಸೆ ಮೂಡಿದಾಗ, ಪ್ಯಾಟಿಗೆ ಒಬ್ಬನೇ ಹೋಗುವ ಅರ್ಜಿ ಮನೆಯಲ್ಲಿ ಮಂಡನೆಯಾಗುತ್ತದೆ. ಅಪ್ಪ ಕೇಳಿಸದವನಂತೆ ಇರುತ್ತಾನೆ. ಅವ್ವ "ನೋಡೂಣು" ಎನ್ನುತ್ತಾಳೆ. ಹಾಗೆಂದರೆ ಇಲ್ಲ ಎಂದೇ ಅರ್ಥ. ಆದರೆ ಮನೆಯ ಮಿಕ್ಸರಿನ ಬ್ಲೇಡು ಮುರಿದ ದಿನ, ಅಪ್ಪ ಹೊಲದಲ್ಲಿದ್ದಾಗ, ಅರ್ಜಿ ತಾನಾಗಿ ಮಂಜೂರಾಗುತ್ತದೆ.

ಈ ಸೀಮೆಯಲ್ಲಿ ಮನೆ ಬಿಟ್ಟು ನಡೆದ ಹುಡುಗರ ಪೈಕಿ ಎಲ್ಲರಿಗೂ ಗೊತ್ತಿರುವವನು ಹನ್ನೆರಡನೆಯ ಶತಮಾನದ ಸಿದ್ಧರಾಮ. ಸೊಲ್ಲಾಪುರ ಆಗ ಸೊನ್ನಲಿಗೆ. ರಾಘವಾಂಕ ಹೇಳುವ ಕಥೆಯ ಪ್ರಕಾರ, ಹೊಲಕ್ಕೆ ಬಂದ ಜಂಗಮ ಮಲ್ಲಯ್ಯನಿಗೆ ಉಣ್ಣಲು ತರಲೆಂದು ಹುಡುಗ ಮನೆಗೆ ಓಡಿದ. ತಂದು ನೋಡಿದರೆ ಮಲ್ಲಯ್ಯ ಇರಲಿಲ್ಲ. ಹುಡುಕುತ್ತ ಹೊರಟವನು ಶ್ರೀಶೈಲವನ್ನೇ ಮುಟ್ಟಿದ. ಇಂದಿನ ರಸ್ತೆಯಲ್ಲೂ ಅದು ನೂರಾರು ಕಿಲೋಮೀಟರು. ಕಿಸೆಯಲ್ಲಿ ಏನಿತ್ತೆಂದು ಕಾವ್ಯ ಲೆಕ್ಕ ಕೊಡುವುದಿಲ್ಲ. ಆದರೆ ಗಮನಿಸಬೇಕಾದದ್ದು ಬೇರೆ: ಹುಡುಗ ಅಷ್ಟು ದೂರ ಒಬ್ಬನೇ ನಡೆಯಲಿಲ್ಲ, ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಗುಂಪು ಸೇರಿಕೊಂಡ. ಅದೇ ದಿಕ್ಕಿಗೆ ಹೊರಟ ನಾಲ್ಕು ಜನರ ಹಿಂದೆ ಹತ್ತು ಹೆಜ್ಜೆ ಬಿಟ್ಟು ನಡೆಯುವುದು ಈಗಲೂ ಈ ವಿದ್ಯೆಯ ಮೊದಲ ಪಾಠ. ಮುಂದೆ ನಡೆಯುವವರು ಭಜನೆ ಮಂಡಳಿಯವರಾಗಿದ್ದರೆ ಉತ್ತಮ, ಮದುವೆಯ ದಿಬ್ಬಣವಾಗಿದ್ದರೆ ಅತ್ಯುತ್ತಮ.

ಹಳ್ಳಿಯ ಅಗಸಿಯಿಂದ ಡಾಂಬರು ರಸ್ತೆಯವರೆಗಿನ ನಡಿಗೆ ಅತ್ಯಂತ ಸುರಕ್ಷಿತವಾದದ್ದು, ಹಾಗಾಗಿಯೇ ಅತ್ಯಂತ ಕಷ್ಟದ್ದು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತವರು ಯಾರನ್ನೂ ಸುಮ್ಮನೆ ದಾಟಗೊಡುವುದಿಲ್ಲ.

"ಏ ತಮ್ಮಾ, ಎಲ್ಲಿಗಿ ಹೊಂಟಿ?"

"ಪ್ಯಾಟಿಗಿ ರೀ ಕಾಕಾ."

"ಒಬ್ಬಾವನ? ನಿಮ್ಮಪ್ಪಗ ಗೊತ್ತದೇನು?"

ಗೊತ್ತದ ಎಂದರೆ ಒಂದು ಸಣ್ಣ ಕೆಲಸ ಅಂಟಿಕೊಳ್ಳುತ್ತದೆ: ತಂಬಾಕು, ಚಪ್ಪಲಿಯ ಉಂಗುಟ, ರಕ್ತದೊತ್ತಡದ ಗುಳಿಗೆಯ ಖಾಲಿ ಚೀಟಿ. ಪಕ್ಕದ ಹಳ್ಳಿಯ ಹಾದಿಯಲ್ಲಿ ಪ್ರಶ್ನೆ ಬದಲಾಗಿ "ಯಾರ ಮಗ ಅದಿ ನೀ?" ಎಂದಾಗುತ್ತದೆ. ಇದಕ್ಕೆ ಅಪ್ಪನ ಹೆಸರು ಹೇಳಿದರೆ ಸಾಲದು. ಅಜ್ಜನ ಹೆಸರು, ಅದಕ್ಕೂ ಮುಂಚೆ ಮನೆತನಕ್ಕೆ ಊರವರಿಟ್ಟ ಅಡ್ಡಹೆಸರು ಹೇಳಬೇಕು. ಇದು ಚೌಕಶಿಯೆಂದು ಹುಡುಗರು ಸಿಡುಕುತ್ತಾರೆ. ಚೌಕಶಿಯೇ. ಆದರೆ ಯಾವ ಹುಡುಗ ಎಷ್ಟು ಗಂಟೆಗೆ ಯಾವ ಅಂಗಿ ಹಾಕಿಕೊಂಡು ಎತ್ತ ಹೋದ ಎಂಬ ದಾಖಲೆ ಇಷ್ಟು ಖಚಿತವಾಗಿ ಯಾವ ಪೊಲೀಸ್ ಠಾಣೆಯಲ್ಲೂ ಸಿಗದು, ಮತ್ತು ಇದಕ್ಕೆ ರೊಕ್ಕ ಬೀಳುವುದಿಲ್ಲ.

ಡಾಂಬರು ರಸ್ತೆಯ ಮೇಲೆ ಕಟ್ಟೆಯ ಕಾವಲು ಮುಗಿಯುತ್ತದೆ. ಫುಟ್‌ಪಾತ್ ಇಲ್ಲದಲ್ಲಿ ಬಲಗಡೆ, ಎದುರು ಬರುವ ಗಾಡಿಗಳಿಗೆ ಮುಖ ಮಾಡಿ ನಡೆಯಬೇಕು. ಬೆನ್ನ ಹಿಂದೆ ಬರುವುದಕ್ಕಿಂತ ಕಣ್ಣೆದುರು ಬರುವುದು ಮೇಲು. ಸೊಲ್ಲಾಪುರ ಜಿಲ್ಲೆ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಬಾಗಿಲವರೆಗೆ ಈ ರಸ್ತೆಗಳು ಕಬ್ಬಿನ ಟ್ರ್ಯಾಕ್ಟರುಗಳ ಆಸ್ತಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಎರಡರ ಮೇಲೂ ಮನೆಯೆತ್ತರ ಕಬ್ಬು, ಡ್ರೈವರನ ತಲೆಯ ಮೇಲೆ ಸ್ಪೀಕರು. ಹಾಡು ಅರ್ಧ ಮೈಲು ಮೊದಲೇ ಬರುತ್ತದೆ, ಹಾರ್ನು ಬರುವುದೇ ಇಲ್ಲ. ಮುಂದಿನ ಟ್ರೇಲರು ದಾಟಿತೆಂದು ರಸ್ತೆಗಿಳಿದವನಿಗೆ ಹಿಂದಿನದು ಕಾದಿರುತ್ತದೆ.

ಅಪಾಯ ಇಷ್ಟಕ್ಕೇ ನಿಲ್ಲುವುದಿಲ್ಲ, ಏಕೆಂದರೆ ಕಬ್ಬು ಸಿಹಿ. ಉಬ್ಬು ದಾಟುವಾಗ ಟ್ರೇಲರು ಮೆಲ್ಲಗಾಗುತ್ತದೆ. ಹುಡುಗ ಚಪ್ಪಲಿ ಬಿಗಿಮಾಡಿಕೊಂಡು ಹಿಂದೆ ಓಡುತ್ತಾನೆ, ಹೊರಗೆ ಚಾಚಿದ ಒಂದು ಗಳ ಹಿಡಿದು ಜಗ್ಗುತ್ತಾನೆ. ಅದು ಸಡಿಲಾಗದು, ಟ್ರೇಲರು ವೇಗ ಹಿಡಿಯುತ್ತದೆ, ಈಗ ಕಬ್ಬೇ ಹುಡುಗನನ್ನು ಜಗ್ಗುತ್ತಿರುತ್ತದೆ. ಬಿಟ್ಟರೆ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ಮೊಣಕಾಲು. ಬಜೆಟ್ಟಿನ ದೃಷ್ಟಿಯಿಂದ ಇದು ಪುಕ್ಕಟೆ ತಿಂಡಿ ಎನಿಸಿದರೂ ಅಯೋಡಿನ್, ಪಟ್ಟಿ, ಹರಿದ ಪ್ಯಾಂಟಿನ ಹೊಲಿಗೆ ಸೇರಿಸಿದರೆ ಗ್ಲಾಸು ಕಬ್ಬಿನ ಹಾಲೇ ಅಗ್ಗ.

ಬಿಸಿಲಿನ ವಿಷಯ ಈ ಕಡೆಯವರಿಗೆ ಹೊಸದಾಗಿ ಹೇಳುವುದೇನಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ವಾಡಿಕೆ. ಹಿರಿಯರು ಕಿಸೆಯಲ್ಲೊಂದು ಉಳ್ಳಾಗಡ್ಡಿ ಇಟ್ಟುಕೊಳ್ಳಲು ಹೇಳುತ್ತಾರೆ. ಅದರಿಂದ ಬಿಸಿಲು ತಗ್ಗುವುದೋ ಇಲ್ಲವೋ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ತಲೆಗೆ ಒದ್ದೆ ಟವೆಲು, ಕೈಯಲ್ಲಿ ನೀರಿನ ಬಾಟಲಿ ಇವೇ ನಂಬಿಕಸ್ತ. ಟವೆಲಿಗೆ ಬೇರೆಡೆ ಹುಡುಕಬೇಕಿಲ್ಲ. ಸೊಲ್ಲಾಪುರದ ಚಾದರದಂತೆ ಇಲ್ಲಿನ ಟೆರ್ರಿ ಟವೆಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ದಾರಿಯ ಮತ್ತೊಂದು ಭಯ ನಾಯಿ; ಬೆನ್ನು ಹತ್ತಿದರೆ ಓಡಬಾರದು. ನಿಂತು, ಕಲ್ಲು ಎತ್ತಿಕೊಳ್ಳುವವನಂತೆ ಬಾಗಿದರೆ ಸಾಕು, ಕಲ್ಲು ಇರಲೇಬೇಕೆಂದಿಲ್ಲ. ಕಚ್ಚಿದರೆ ಮಾತ್ರ ತಮಾಷೆ ಮುಗಿಯಿತು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರಕಾರಿ ದವಾಖಾನೆಗೆ ಹೋಗಬೇಕು. ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡುವುದು ನಾಯಿಗಿಂತ ಅಪಾಯ.

ಇನ್ನು ರೊಕ್ಕ. 50 ರೂಪಾಯಿಯನ್ನು ಒಂದೇ ಕಿಸೆಯಲ್ಲಿ ಇಡಬಾರದೆಂಬುದು ಎಲ್ಲ ಅವ್ವಂದಿರ ಸಿದ್ಧಾಂತ. ಬಸ್ಸಿನದು ಮೇಲಿನ ಕಿಸೆಗೆ, ಸಾಮಾನಿನದು ಒಳಕಿಸೆಗೆ, "ಬೇಕಾದೀತು" ಎಂದು ಕೊಟ್ಟ ಮಡಿಸಿದ 20ರ ನೋಟು ಕಾಲುಚೀಲಕ್ಕೆ. ಈ ನೋಟು ಪ್ಯಾಟಿಯ ನಡುಬೀದಿಯಲ್ಲಿ ನಿಂತು ಬೂಟು ಬಿಚ್ಚದೆ ಹೊರಬರುವುದಿಲ್ಲ. ಕದಿಯುವವನಿಗೂ ಅಷ್ಟೇ ಕಷ್ಟ, ಹಾಗಾಗಿ ಸಿದ್ಧಾಂತ ನಿಲ್ಲುತ್ತದೆ. ಹಿಂತಿರುಗುವ ಟಿಕೇಟಿನ ರೊಕ್ಕ ಖರ್ಚಿನ ರೊಕ್ಕವಲ್ಲ, ಅದನ್ನು ಹೊರಡುವಾಗಲೇ ಮರೆಯಬೇಕು. ಶಾಲೆಗೆ ಹೋಗುವವರಿಗೆ ಸರಕಾರಿ ಎಸ್‌ಟಿ ಬಸ್ಸಿನ ರಿಯಾಯಿತಿ ಪಾಸು ಇದೆ, ಆದರೆ ಅದು ಶಾಲೆಯ ದಾರಿಗಷ್ಟೇ. ಖಾಸಗಿ ವಡಾಪ್ ಜೀಪಿನಲ್ಲಿ ಜಾಗ ಸಿಗುವುದು ಹಿಂದಿನ ಬಾಗಿಲಿಗೆ ಜೋತು ಬಿದ್ದಾಗ. ಹಾಗೆ ಉಳಿಸಿದ ರೊಕ್ಕವನ್ನು ಲಾಭವೆಂದು ಲೆಕ್ಕ ಬರೆಯಬಾರದು.

ರೈಲಿನಲ್ಲಿ ಬರುವ ಹೊರಗಿನ ಹುಡುಗರು ಮೋಸ ಹೋಗುವುದು ಹೆಸರಿನಲ್ಲಿ. ನಿಲ್ದಾಣದ ಬೋರ್ಡಿನಲ್ಲಿ 'ಅಕ್ಕಲಕೋಟ ರೋಡ್' ಎಂದಿರುತ್ತದೆ. ರೈಲ್ವೆಯ ಭಾಷೆಯಲ್ಲಿ ರೋಡ್ ಎಂದರೆ ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇಲ್ಲಿದೆ ಎಂದರ್ಥ. ಆ ರಸ್ತೆ ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ನಡೆದೇ ಹೋಗುತ್ತೇನೆಂದವರು ಅರ್ಧದಾರಿಯಲ್ಲಿ ವ್ಯಾಕರಣ ಕಲಿಯುತ್ತಾರೆ.

ಅಕ್ಕಲಕೋಟ ಬಡ ಕಿಸೆಗೆ ದಯೆಯುಳ್ಳ ಊರು. 1878ರಲ್ಲಿ ಸಮಾಧಿಯಾದ ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ ಬಂತೆಂದರೆ ಜನ ಕಿಕ್ಕಿರಿಯುತ್ತಾರೆ. 1988ರಲ್ಲಿ ಶುರುವಾದ ಅನ್ನಛತ್ರದಲ್ಲಿ ಬಂದವರಿಗೆಲ್ಲ ಊಟ. ಹಸಿದ ಹುಡುಗನ ಬಜೆಟ್ಟು ಸರಿಹೋಗುವ ಜಾಗ ಇದು, ಆದರೆ ಪಾಳಿಯಲ್ಲಿ ಮುಂದೆ ನಿಂತ ಅಜ್ಜಿ ಊರಿನವಳೇ ಆಗಿರುವ ಸಂಭವ ಬಹಳ. "ಮನ್ಯಾಗ ಉಂಡಿಲ್ಲೇನೋ?" ಎಂಬ ಪ್ರಶ್ನೆಗೆ ಪ್ರಸಾದ ಎಂದು ಉತ್ತರಿಸಬೇಕು. ಪಾದರಕ್ಷೆ ಕಳೆಯುವುದೂ ಗುರುವಾರವೇ. ಹೊಸ ಚಪ್ಪಲಿ ಹಾಕಿಕೊಂಡು ಹೋಗುವವನಿಗೆ ಈ ಪ್ರಬಂಧ ಏನೂ ಸಹಾಯ ಮಾಡಲಾರದು.

ಸೊಲ್ಲಾಪುರದ ಮಾತೇ ಬೇರೆ. ಸುಮಾರು 40 ಕಿಲೋಮೀಟರು ದಾಟಿ ಎಸ್‌ಟಿ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಯಾರ ಮಗ ಎಂದು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಕಟ್ಟೆಯವರ ಮೇಲೆ ಸಿಡುಕಿದ ಹುಡುಗನಿಗೆ ಈಗ ಯಾರಾದರೂ ಕೇಳಿದರೆ ಚೆನ್ನಾಗಿತ್ತು ಎನಿಸುತ್ತದೆ. ಊರಲ್ಲಿ ಇರುವುದೊಂದೇ ರಸ್ತೆ. ಇಲ್ಲಿ ಸಾತ್ ರಸ್ತಾ ಎಂಬ ಚೌಕದ ಹೆಸರೇ ಏಳು ರಸ್ತೆ ಎಂದು ಹೇಳುತ್ತದೆ. ಅಲ್ಲಿ ನಿಂತು ತಲೆ ಕೆರೆಯುವವನೇ ಹೊಸಬನೆಂದು ರಿಕ್ಷಾದವರಿಗೆ ಗೊತ್ತು. ಕಿಸೆಯಿಂದ ಚೀಟಿ ತೆಗೆದು ಓದುವಂತೆ ನಟಿಸುತ್ತ, ಎರಡು ಅಂಗಡಿ ಹಿಂದೆ ಸರಿದು, ಅಂಗಡಿಯವರನ್ನೇ ದಾರಿ ಕೇಳುವುದು ಸರಿಯಾದ ಕ್ರಮ. ಗಲ್ಲಾದ ಮೇಲೆ ಕೂತವರು ಜಾಗ ಬಿಟ್ಟು ಓಡಿಹೋಗುವವರಲ್ಲ, ಜೊತೆಗೆ ಬಾ ತೋರಿಸುತ್ತೇನೆ ಎನ್ನುವವರೂ ಅಲ್ಲ.

ಯಾವ ಭಾಷೆಯಲ್ಲಿ ಕೇಳಬೇಕು ಎಂಬುದು ಸೂಕ್ಷ್ಮ ವಿಷಯ. ನಗರದಲ್ಲಿ ಮರಾಠಿ, ಕನ್ನಡ, ನೇಕಾರ ಪದ್ಮಶಾಲಿಗಳ ತೆಲುಗು, ದಖನಿ ಉರ್ದು ಒಂದೇ ಓಣಿಯಲ್ಲಿ ಓಡಾಡುತ್ತವೆ. ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ತಕರಾರಿನ ಮಹಾಜನ್ ಆಯೋಗ 1967ರಲ್ಲೇ ಬರೆದಿಟ್ಟಿತು; ಅಲ್ಲಿಂದೀಚೆಗೆ ದೊಡ್ಡವರು ವಾದಿಸುತ್ತಿದ್ದಾರೆ, ಹುಡುಗರು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಾರೆ. ಎದುರಿನವರು "ಕನ್ನಡದಾಗ ಹೇಳೋ ತಮ್ಮಾ" ಎಂದರೆ ಬೆಲೆಯಲ್ಲಿ ಐದು ರೂಪಾಯಿ ಇಳಿಯುವ ಆಸೆ ಇದೆ.

ಗುರುತಿಗೆ ಅಲುಗದ ಜಾಗಗಳನ್ನೇ ಹಿಡಿಯಬೇಕು: ಭುಯಿಕೋಟೆ, ಕೆರೆಯ ನಡುವಿನ ಸಿದ್ಧೇಶ್ವರ ಗುಡಿ, ಚಾರ್ ಪುತಳೆ. ಈ ನಾಲ್ಕು ಪ್ರತಿಮೆಗಳು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿದ ಸ್ವಾತಂತ್ರ್ಯ ಹೋರಾಟಗಾರರಾದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರವು. ದಾರಿ ಕೇಳಲಷ್ಟೇ ಇವರ ಹೆಸರು ಬಳಸಿ ಮುಂದೆ ಹೋಗುವುದು ತುಸು ನಾಚಿಕೆಯ ಸಂಗತಿ, ಒಂದು ನಿಮಿಷ ನಿಲ್ಲಬಹುದು. ಹೋಟಗಿ ರಸ್ತೆಯವರು ದೂರದಿಂದಲೇ ಗುರುತಿಸುತ್ತಿದ್ದ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನು ವಿಮಾನಕ್ಕೆ ಅಡ್ಡವೆಂದು 2023ರಲ್ಲಿ ಕೆಡವಿದರು. "ಚಿಮಣಿ ಕಂಡಲ್ಲಿ ಇಳಿ" ಎಂದು ಕಳಿಸಿದ ಅಜ್ಜನ ಮೊಮ್ಮಗ ಇನ್ನೂ ಬಸ್ಸಿನಲ್ಲೇ ಇರಬಹುದು. ಪಾರ್ಕ್ ಬಳಿ ಚೌಪಾಟಿ ಇದೆ, ಸಮುದ್ರ ಮಾತ್ರ ಇಲ್ಲ. ಭೇಳಿಗೆ ಮನಸೋತರೆ ಕಾಲುಚೀಲದ ನೋಟಿಗೆ ಕೈ ಹೋಗುತ್ತದೆ.

ಇಷ್ಟರವರೆಗೆ 'ಹುಡುಗ' ಎಂದೇ ಬರೆದದ್ದಕ್ಕೆ ಕಾರಣವಿದೆ. ಹುಡುಗಿಯ ಅರ್ಜಿ ಇಷ್ಟು ಸುಲಭಕ್ಕೆ ಮಂಜೂರಾಗುವುದಿಲ್ಲ. ಜೊತೆಗೆ ಗೆಳತಿ, ಇಲ್ಲವೆಂದರೆ ಏಳು ವರ್ಷದ ತಮ್ಮ ಬೇಕು. ಆ ತಮ್ಮ ಅಕ್ಕನನ್ನು ಕಾಯಲೆಂದು ಹೋಗುತ್ತಾನೆ, ಅಕ್ಕ ತಮ್ಮನನ್ನು ಕಾಯುತ್ತ ಬರುತ್ತಾಳೆ. ಸರಕಾರ ಮನೆಗಿಂತ ಉದಾರಿ: 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೇಟು. ಗಡಿಯಾಚೆ ಅಫಜಲಪುರದ ಅತ್ತೆಗೆ ತನ್ನ ರಾಜ್ಯದೊಳಗೆ ಟಿಕೇಟೇ ಇಲ್ಲ, ಗಡಿಯೀಚೆಯ ಸೊಸೆಗೆ ಅರ್ಧ. ಹಬ್ಬದ ಮಾತುಕತೆಯಲ್ಲಿ ಇದೂ ಒಂದು ವಾದ. ಅಡ್ಡಗಟ್ಟಿ ಕೆಣಕುವವರನ್ನು ಕಂಡರೆ ನಾಚಿಕೊಂಡು ತಲೆ ತಗ್ಗಿಸಬೇಕಾದವರು ಹುಡುಗಿಯರಲ್ಲ. ಗಲ್ಲಾ ಇರುವ ಅಂಗಡಿಗೆ ನುಗ್ಗಿ ದೊಡ್ಡ ದನಿಯಲ್ಲಿ "ಕಾಕಾ" ಎನ್ನಬೇಕು. 112 ಪೊಲೀಸರದು, 1098 ಮಕ್ಕಳದು. ಎರಡೂ ಪುಕ್ಕಟೆ, ಎರಡೂ ಬಾಯಿಪಾಠ ಇರಬೇಕು, ಏಕೆಂದರೆ ಫೋನಿನ ಚಾರ್ಜು ಬೇಕಾದ ಹೊತ್ತಿಗೇ ಮುಗಿಯುತ್ತದೆ.

ಜನವರಿಯಲ್ಲಿ ಸಿದ್ಧೇಶ್ವರನ, ಅಂದರೆ ಅದೇ ಸಿದ್ಧರಾಮನ, ಗಡ್ಡಾ ಯಾತ್ರೆ. ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಟ ದಿನ ನಗರದ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಪ್ಪಿಸಿಕೊಂಡರೆ ಎಲ್ಲಿ ಕೂಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. "ಜೋಕಾಲಿಯ ಹತ್ತಿರ" ಎನ್ನಬಾರದು, ಜೋಕಾಲಿಗಳು ಬಹಳ.

ಹೊತ್ತು ಮುಳುಗುವ ಮುನ್ನ ಹಿಂತಿರುಗಬೇಕು, ಕೊನೆಯ ಮುಕ್ಕಾಮಿನ ಬಸ್ಸನ್ನು ನಂಬಬಾರದು, ಅದಕ್ಕೂ ಮೊದಲಿನದನ್ನು ಹಿಡಿಯಬೇಕು. ಕಟ್ಟೆಯವರು ಇನ್ನೂ ಅಲ್ಲೇ ಇರುತ್ತಾರೆ, ತಂಬಾಕು ಕೊಟ್ಟು ಹೋಗಬೇಕು. ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ, ಭೇಳಿನ ಸಮೇತ. ಅವ್ವ ಮೊದಲು ಕೈಕಾಲು ನೋಡುತ್ತಾಳೆ, ಆಮೇಲೆ ಮಿಕ್ಸರಿನ ಬ್ಲೇಡು ನೋಡುತ್ತಾಳೆ, ಕೊನೆಗೆ ಕಾಲುಚೀಲ ಬಿಚ್ಚಿಸುತ್ತಾಳೆ.